ಹತ್ತನೇ ಮಹಡಿಯ ಕಡಲು, ಒಂದು ಕಪ್ ಕೊಳೆ

ಬೆಂಗಳೂರಿಗೆ ಸಮುದ್ರವಿಲ್ಲ ಎಂಬ ಕೊರತೆಯನ್ನು ನಮ್ಮ ಅಪಾರ್ಟ್‌ಮೆಂಟಿನ ಹತ್ತನೇ ಮಹಡಿಯ ಸಾಹೇಬರು ಸ್ವಂತ ಖರ್ಚಿನಲ್ಲಿ ನೀಗಿಸುತ್ತಿದ್ದಾರೆ. ಟ್ಯಾಂಕರ್ ನೀರನ್ನು ಆರ್‌ಒದಲ್ಲಿ ಸೋಸಿ, ಸೋಸಿದ್ದಕ್ಕಿಂತ ಹೆಚ್ಚನ್ನು ಮೋರಿಗೆ ಬಿಟ್ಟು, ಉಳಿದದ್ದಕ್ಕೆ ಲೀಟರಿಗೆ ಸುಮಾರು 35 ಗ್ರಾಂ ಆಮದು ಉಪ್ಪು ಕದಡಿದರೆ ಕಡಲು ತಯಾರು. 200 ಲೀಟರಿನ ಆ ಕಡಲಿಗೆ ಎರಡು ಕ್ಲೌನ್ ಮೀನು, ನಾಲ್ಕಾರು ಮೆದು ಹವಳ. ಇನ್ನು ಬಾಕಿ ನೀರಿನ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್. ಫ್ಲ್ಯಾಟ್ ಕೊಳ್ಳುವಾಗ ಬಿಲ್ಡರನ ಖಾತಾ ಪತ್ರವನ್ನೂ ಅವರು ಇದಕ್ಕಾಗಿ ಜಾಲಾಡಿದಷ್ಟು ಜಾಲಾಡಿರಲಿಲ್ಲ.

ಯಂತ್ರದ ಕಸುಬು ಸರಳ. ಮೀನಿನ ಹೇಲು, ತಿನ್ನದೆ ಬಿಟ್ಟ ತಿಂಡಿ, ಹವಳದ ಲೋಳೆ ಎಲ್ಲ ನೀರಿನಲ್ಲಿ ಕರಗಿ ಸಾವಯವ ಕೊಳೆಯಾಗುತ್ತದೆ. ಆ ಅಣುಗಳಲ್ಲಿ ಹಲವಕ್ಕೆ ಒಂದು ತುದಿಗೆ ನೀರು ಬೇಕು, ಇನ್ನೊಂದಕ್ಕೆ ಬೇಡ. ಬೇಡದ ತುದಿ ಗಾಳಿಗುಳ್ಳೆಗೆ ಜೋತುಬೀಳುತ್ತದೆ. ಪಂಪಿನ ಮುಳ್ಳುಚಕ್ರ ಗಾಳಿಯನ್ನು ಪುಡಿಪುಡಿ ಮಾಡಿ ಲಕ್ಷಗಟ್ಟಲೆ ಗುಳ್ಳೆ ಒದಗಿಸುತ್ತದೆ. ಅವು ಮೇಲೇರಿ ನೊರೆಯಾಗಿ, ಕೊರಳು ದಾಟಿ, ಕಪ್‌ನಲ್ಲಿ ಕಂದು ಕಷಾಯವಾಗುತ್ತವೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಮೇಲಿನ ಮಡ್ಡಿ ತೆಗೆಯುವವನ ಕೆಲಸವೇ ಇದು. ಅವನಿಗೆ ಮೊಬೈಲ್ ಆ್ಯಪ್ ಇಲ್ಲ, ಅಷ್ಟೆ. ಅಂದಹಾಗೆ ಗೋಲ್ಡ್‌ಫಿಶ್‌ನ ಸಿಹಿನೀರಿಗೆ ಇಟ್ಟರೆ ಈ ಯಂತ್ರ ನೊರೆ ಕಟ್ಟುವುದೇ ಕಷ್ಟ. ಬಡಮೀನಿಗೆ ಅದು ಕೈ ಚಾಚದು.

ಮೊದಲು ನೋಡಿದ ಸ್ಕಿಮ್ಮರ್ ಡಬ್ಬದ ಮೇಲೆ ‘400 ಲೀಟರ್‌ವರೆಗೆ’ ಎಂದಿತ್ತು. ಯಾರು ಅಳೆದರು, ಎಷ್ಟು ಮೀನು ಬಿಟ್ಟು ಅಳೆದರು ಎಂದು ಕೇಳಬಾರದು. ಎಲ್ಲ ಕಂಪನಿಗಳೂ ಒಪ್ಪಿದ ಅಳತೆಗೋಲು ಇಲ್ಲ. ಹೀಗಾಗಿ ಬಲ್ಲವರು ‘ಬರೆದದ್ದರ ಅರ್ಧ ನಂಬಿ’ ಎನ್ನುತ್ತಾರೆ. ಸಾಹೇಬರು ಅರ್ಧದಲ್ಲೂ ಅರ್ಧ ನಂಬಿ, ಸಾವಿರ ಲೀಟರಿನದನ್ನೇ ಹೊತ್ತು ತಂದರು. ಎರಡು ಮೀನಿನ ಕೊಳೆ ಅದರ ಹಲ್ಲಿಗೂ ಸಾಲದು. ನೊರೆ ಕೊರಳವರೆಗೆ ಬಂದು ಇಳಿದುಹೋಗುತ್ತದೆ. ಯಂತ್ರ ಸುಮ್ಮನೆ ಕೂತಿರುವುದು ನೋಡಲಾಗದೆ, ಅದಕ್ಕೆ ಕೆಲಸ ಕೊಡಲೆಂದು ಇನ್ನೂ ಐದು ಮೀನು ತಂದರು. ಮೀನು ಬಂದ ಮೇಲೆ ತಿಂಡಿ ಹೊತ್ತುಹೊತ್ತಿಗೆ ಬೀಳಬೇಕಲ್ಲ!

ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ 2009ರಲ್ಲಿ ಕೆಲವು ಸ್ಕಿಮ್ಮರ್‌ಗಳನ್ನು ಸಾಲಾಗಿ ಕೂರಿಸಿ ಪರೀಕ್ಷಿಸಿದ್ದರು. ಅವು ನೀರಿನ ಸಾವಯವ ಇಂಗಾಲದಲ್ಲಿ ತೆಗೆದದ್ದು ಸುಮಾರು ಶೇ 20ರಿಂದ 30. ಮಿಕ್ಕದ್ದು ಜಗ್ಗಲಿಲ್ಲ. ಇದನ್ನು ಹೇಳಿದಾಗ ಸಾಹೇಬರು ಗಂಭೀರವಾಗಿ ತಲೆಯಾಡಿಸಿ, ‘ಹಾಗಾದರೆ ಮೂರು ಬೇಕಾಗುತ್ತದೆ’ ಎಂದರು.

ನೋಡಬೇಕಾದ್ದನ್ನು ಯಾರೂ ನೋಡಲಿಲ್ಲ. ತೊಟ್ಟಿಯ ಕೆಳಗೆ ಸ್ಕಿಮ್ಮರ್ ಕೂರುವ ಸಂಪ್‌ನಲ್ಲಿ ನೀರು ಎಷ್ಟು ಇಂಚು ನಿಲ್ಲುತ್ತದೆ, ಅದು ಏರಿಳಿಯುತ್ತದೆಯೇ, ಕಪ್ ಮೇಲೆತ್ತಿ ತೊಳೆಯಲು ಕ್ಯಾಬಿನೆಟ್ಟಿನಲ್ಲಿ ಜಾಗವಿದೆಯೇ? ಇರಲಿಲ್ಲ. ಬಡಗಿ ಬಂದು ಹೊಸ ಕ್ಯಾಬಿನೆಟ್ಟಿನ ತಲೆ ಕೊಯ್ದ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯನ್ನೇ ಮನೆಯ ಅಜ್ಜಿ ತೊಟ್ಟಿಗೆ ಅದ್ದಿದ್ದರಿಂದ ನೊರೆ ಪೂರ್ತಿ ಕುಸಿಯಿತು. ಆಮೇಲೆ ಕರೆಂಟ್ ಹೋಯಿತು. ಮೇಲಿನ ನೀರು ಸಂಪ್‌ಗೆ ಇಳಿದು ಮಟ್ಟ ಏರಿತು. ಕರೆಂಟ್ ಬಂದೊಡನೆ ಸ್ಕಿಮ್ಮರ್ ತನ್ನ ಸಾವಿರ ಲೀಟರಿನ ಪೌರುಷವನ್ನು ಇಟಾಲಿಯನ್ ಮಾರ್ಬಲ್ ಮೇಲೆ ಕಕ್ಕಿತು.

ಮುರುಡೇಶ್ವರದಾಚೆ ನೇತ್ರಾಣಿಯಲ್ಲಿ ನಿಜವಾದ ಹವಳವಿದೆ. ಕೀಳುವಂತಿಲ್ಲ, ಗಟ್ಟಿ ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಸಾಲಿನಲ್ಲೇ ರಕ್ಷಣೆ. ಆ ಕಡಲಿನಲ್ಲಿ ಅಲೆಗಳೇ ಕೊಳೆಯನ್ನು ನೊರೆಯೆಬ್ಬಿಸಿ ದಡಕ್ಕೆ ಎಸೆಯುತ್ತವೆ, ವಾರಂಟಿ ಕಾರ್ಡಿಲ್ಲದೆ.

‘ತಿಂಡಿ ಕಡಿಮೆ ಹಾಕಿ, ಮೀನು ಎರಡೇ ಇರಲಿ, ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ಬದಲಿಸಿ, ಈ ತೊಟ್ಟಿಗೆ ಇಷ್ಟು ಸಾಕು’ ಎಂದೆ.

ಸಾಹೇಬರು ಫೋನ್ ಹೊರತೆಗೆದು ಕೇಳಿದರು: ‘ಒಳ್ಳೆಯದು. ಅದರಲ್ಲಿ ಯಾವ ಮಾಡೆಲ್?’