ಫಲಕಮೀಮಾಂಸೆ: ಕಾಡಿನಲ್ಲಿ ಟೆಂಟು ಹೂಡುವವರ ವಿಧಿನಿಷೇಧಗಳ ಪರಾಮರ್ಶೆ

ಅರಣ್ಯ ತನಿಖಾ ಠಾಣೆಯ ಬಳಿ, ಅಡ್ಡಗಳುವಿನ ಎಡಕ್ಕೋ ಬಲಕ್ಕೋ, ತಗಡಿನ ಮೇಲೆ ಬರೆದು ನಿಲ್ಲಿಸಿದ ಸೂಚನೆಗಳ ಸಮುಚ್ಚಯಕ್ಕೆ ಈ ಶಾಸ್ತ್ರದಲ್ಲಿ ಫಲಕವೆಂದು ಹೆಸರು. 1886ರಲ್ಲಿ ಬಿ.ಎಲ್. ರೈಸರು ಕೊಡಗಿನ ಶಾಸನಗಳಿಂದ ಆರಂಭಿಸಿ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಹೊರತಂದ ಮೇಲೆ ಕನ್ನಡ ನಾಡಿನ ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಲ್ಲುಗಳು ಅಚ್ಚಾಗಿ, ಪಾಠ ನಿರ್ಣಯವಾಗಿ, ವಿದ್ವಾಂಸರ ಜಗಳಕ್ಕೆ ಒದಗಿಬಂದವು. ಆದರೆ ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ನೆನಪಿಗೆ ನಿಲ್ಲಿಸಿದ ನಿಸಿದಿಗಲ್ಲಿಗೆ ಸಂದ ಈ ಗೌರವ, ಹೆಸರಿನಲ್ಲಿ ಅದರ ದಾಯಾದಿಯಂತೆ ಕೇಳಿಸುವ ನಿಷೇಧಗಲ್ಲಿಗೆ, ಎಂದರೆ ಈ ಫಲಕಕ್ಕೆ, ಇಂದಿನವರೆಗೂ ಸಂದಿಲ್ಲ. ಎರಡಕ್ಕೂ ಇರುವ ಭೇದ ಅಲ್ಪ: ಮೊದಲನೆಯದು ಊಟ ಬಿಟ್ಟವರಿಗಾಗಿ ನಿಂತದ್ದು, ಎರಡನೆಯದು ಊಟದ ಪೊಟ್ಟಣ ಬಿಟ್ಟುಹೋಗುವವರಿಗಾಗಿ ನಿಂತದ್ದು.

ಫಲಕದ ಭಾಷೆಯನ್ನು ಮೊದಲು ಪರಿಶೀಲಿಸುವುದು ಉಚಿತ. ಅದರ ಬಹುತೇಕ ವಾಕ್ಯಗಳು 'ನಿಷೇಧಿಸಲಾಗಿದೆ' ಎಂಬ ಪದದಲ್ಲಿ ಮುಗಿಯುತ್ತವೆ. ನಿಷೇಧಿಸಿದವರು ಯಾರು ಎಂದು ತಿಳಿಸುವ ಕರ್ತೃಪದ ಎಲ್ಲಿಯೂ ಕಾಣುವುದಿಲ್ಲ. ವೇದವು ಅಪೌರುಷೇಯ, ಎಂದರೆ ಯಾರೂ ರಚಿಸಿದ್ದಲ್ಲ, ಆದ್ದರಿಂದಲೇ ರಚಿಸಿದವರ ದೋಷ ಅದಕ್ಕೆ ತಟ್ಟುವುದಿಲ್ಲ ಎಂದು ಪೂರ್ವಮೀಮಾಂಸಕರು ವಾದಿಸಿದಂತೆ, ಫಲಕವೂ ಅಪೌರುಷೇಯವೆಂದು ಇದರಿಂದ ಸಿದ್ಧವಾಗುತ್ತದೆ. ಗುರುಪರಂಪರೆಯೂ ಇದನ್ನೇ ಸಮರ್ಥಿಸುತ್ತದೆ: ನಿಯಮ ಎಲ್ಲಿಂದ ಬಂತೆಂದು ಗಾರ್ಡನ್ನು ಕೇಳಿದರೆ ಮೇಲಿಂದ ಬಂತು ಎನ್ನುತ್ತಾರೆ, ಫಾರೆಸ್ಟರನ್ನು ಕೇಳಿದರೆ ಅವರೂ ಮೇಲಿಂದ ಎನ್ನುತ್ತಾರೆ, ಹೀಗೆ ಏರುತ್ತ ಹೋದ ಜಿಜ್ಞಾಸುವು ರಾಜಧಾನಿಯ ಮೇಲುಮಹಡಿಯನ್ನು ತಲುಪಿದಾಗಲೂ ಅಲ್ಲಿನವರ ಬೆರಳು ಮೇಲಕ್ಕೇ ತೋರುತ್ತಿರುತ್ತದೆ. ಇನ್ನು ಫಲಕದ ವಾಕ್ಯಗಳಲ್ಲಿ ಇದನ್ನು ಮಾಡು ಎನ್ನುವುದು ವಿಧಿ, ಮಾಡಬೇಡ ಎನ್ನುವುದು ನಿಷೇಧ, ಏನನ್ನೂ ಆಜ್ಞಾಪಿಸದೆ ಬರಿದೇ ಹೊಗಳುವುದು ಅರ್ಥವಾದ. 'ಕಾಡು ಬೆಳೆಸಿ ನಾಡು ಉಳಿಸಿ' ಎಂಬುದು ವ್ಯಾಕರಣದಲ್ಲಿ ವಿಧಿಯಂತೆ ಕಂಡರೂ, ಅದನ್ನು ಓದಿ ಅಲ್ಲಿಯೇ ಗುಂಡಿ ತೋಡಿ ಸಸಿ ನೆಟ್ಟವರು ಯಾರೂ ಇಲ್ಲವಾದ್ದರಿಂದ ಅದನ್ನು ಅರ್ಥವಾದದಲ್ಲಿಯೇ ಸೇರಿಸಬೇಕು. ಮರಗಳಿಗೆ ಹಾನಿ ಮಾಡಬಾರದೆಂಬ ವಾಕ್ಯವನ್ನು ಮರಕ್ಕೇ ಮೊಳೆ ಹೊಡೆದು ತೂಗುಹಾಕಿರುವ ಸಂದರ್ಭಗಳಲ್ಲಿ ವಾಕ್ಯ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಶಾಸ್ತ್ರಕಾರರು ಮುಂದಿನ ತಲೆಮಾರಿಗೆ ಬಿಟ್ಟಿದ್ದಾರೆ.

ಭಾಷೆಯ ನಂತರ ಅಧಿಕಾರದ ವಿಚಾರ. ಅಧಿಕಾರವೆಂದರೆ ಇಲ್ಲಿ ದರ್ಪವಲ್ಲ. ಒಂದು ಕರ್ಮವನ್ನು ಮಾಡಲು ಯಾರು ಅರ್ಹರು ಎಂಬ ನಿರ್ಣಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ನಿನ ಪ್ರಕಾರ ವನ್ಯಜೀವಿಧಾಮದೊಳಕ್ಕೆ ಸಹಜವಾಗಿ ಕಾಲಿಡಬಲ್ಲವರು ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಒಳಗೆ ವಾಸಿಸಲು ಅನುಮತಿ ಪಡೆದವರು, ಒಳಗೆ ಸ್ಥಿರಾಸ್ತಿಯ ಹಕ್ಕುಳ್ಳವರು, ಈ ಮೂವರ ಅವಲಂಬಿತರು, ಮತ್ತು ಹೆದ್ದಾರಿಯಲ್ಲಿ ಸುಮ್ಮನೆ ಹಾದುಹೋಗುವವರು. ಉಳಿದ ಸಮಸ್ತ ಮನುಕುಲಕ್ಕೆ 28ನೇ ಸೆಕ್ಷನ್ನಿನ ಪರವಾನಗಿ ಬೇಕು. ಅದು ದೊರೆಯುವುದು ಐದೇ ಉದ್ದೇಶಗಳಿಗೆ: ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಮತ್ತು ಒಳಗಿರುವವರೊಡನೆ ನ್ಯಾಯಬದ್ಧ ವ್ಯವಹಾರ. ರಾಷ್ಟ್ರೀಯ ಉದ್ಯಾನಗಳಿಗೂ ಇದೇ ಕಟ್ಟು. ಮೀಮಾಂಸೆಯಲ್ಲಿ ಇಂಥದ್ದನ್ನು ಪರಿಸಂಖ್ಯಾವಿಧಿ ಎನ್ನುತ್ತಾರೆ. ಐದುಗುರುಗಳ ಪ್ರಾಣಿಗಳಲ್ಲಿ ಐದನ್ನು ತಿನ್ನಬಹುದು ಎಂದಾಗ ಅವನ್ನು ತಿನ್ನಲೇಬೇಕೆಂದು ತಾತ್ಪರ್ಯವಲ್ಲ, ಉಳಿದವನ್ನು ಮುಟ್ಟಕೂಡದೆಂದು ತಾತ್ಪರ್ಯ ಎಂಬುದು ಅದರ ಹಳೆಯ ಉದಾಹರಣೆ. (ಆ ಐದರಲ್ಲಿ ಒಂದಾದ ಉಡವು ಈಗ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವುದರಿಂದ, ಮೀಮಾಂಸೆಯ ಉಪಾಧ್ಯಾಯರು ಈ ಪಾಠವನ್ನು ಪ್ರಾಯೋಗಿಕವಾಗಿ ಬೋಧಿಸದಿರುವುದು ಕ್ಷೇಮ.) ಅದೇ ನ್ಯಾಯದಂತೆ ಪ್ರವಾಸವೆಂಬ ನಾಲ್ಕನೆಯ ಉದ್ದೇಶದೊಳಗೆ ಆಫೀಸಿನವರ ಮೋಜು, ಮುರಿದ ಪ್ರೇಮದ ಶೋಕಾಚರಣೆ, ಹುಟ್ಟುಹಬ್ಬದ ಕೇಕು ಇವೆಲ್ಲ ಅಡಗಿವೆಯೆ ಎಂಬ ಪ್ರಶ್ನೆ ಏಳುತ್ತದೆ. ಬೆಟ್ಟದ ಅಂಚಿನಲ್ಲಿ ನಿಂತು ರೀಲ್ಸ್ ಮಾಡುವುದನ್ನು ಒಂದು ಪಕ್ಷದವರು ಛಾಯಾಗ್ರಹಣದಲ್ಲಿ ಸೇರಿಸಿದರೆ, ಇನ್ನೊಂದು ಪಕ್ಷದವರು ಅಂಚಿನ ಎತ್ತರವನ್ನು ಗಮನಿಸಿ ಅದನ್ನು ನಿಸಿದಿ ಸಂಪ್ರದಾಯಕ್ಕೆ ಸೇರಿಸುತ್ತಾರೆ.

ಕಾಡು ಎಂದರೇನು ಎಂಬುದು ಟೆಂಟಿನ ಗೂಟ ಹೊಡೆಯುವ ಮುನ್ನ ತಿಳಿಯಬೇಕಾದ ವಿಷಯ. ಸಾಮಾನ್ಯವಾಗಿ ಅದು ಗೂಟ ಹೊಡೆದ ಮೇಲೆಯೇ, ಗೂಟ ಕೀಳಿಸಲು ಬಂದವರಿಂದ ತಿಳಿದುಬರುತ್ತದೆ. ಪೇಟೆಯವರ ಕಣ್ಣಿಗೆ ಮರಗಳೆಲ್ಲ ಒಂದೇ ಹಸಿರಾಗಿ ಕಂಡರೂ ಆ ಹಸಿರಿನ ಕೆಳಗೆ ಮೀಸಲು ಅರಣ್ಯವಿರಬಹುದು, ವನ್ಯಜೀವಿಧಾಮವಿರಬಹುದು. ಶಿವಮೊಗ್ಗದ ಕಡೆಯ ಕಾನು, ಎಂದರೆ ಮೆಣಸು ಬಗನಿಗಳ ಹಳೆಯ ನಿತ್ಯಹಸಿರು ತೋಪು, ಇರಬಹುದು. ಅಡಿಕೆ ತೋಟಕ್ಕೆ ಸೊಪ್ಪು ತರಲು ರೈತನಿಗೆ ಬಿಟ್ಟುಕೊಟ್ಟ ಉತ್ತರ ಕನ್ನಡದ ಸೊಪ್ಪಿನಬೆಟ್ಟವಿರಬಹುದು. ಗದ್ದೆಯ ಜೊತೆಗೆ ಬಂದ ಕೊಡಗಿನ ಬಾಣೆಯೋ ದಕ್ಷಿಣ ಕನ್ನಡದ ಕುಮ್ಕಿಯೋ ಇರಬಹುದು. ಬೆನ್ನಚೀಲ ಹೊತ್ತ ಯುವಕನೊಬ್ಬ ಒಂದೇ ಮಧ್ಯಾಹ್ನದಲ್ಲಿ ಇಂಥ ಮೂರು ಬಗೆಯ ಭೂಮಿಯನ್ನು ದಾಟಿ, ಮೂರಕ್ಕೂ ಬೇರೆ ಬೇರೆ ಕಾನೂನುಗಳನ್ನು ಮುರಿದು, ಸಂಜೆ ತಾನು ನಿಸರ್ಗದ ಮಡಿಲಲ್ಲಿರುವುದಾಗಿ ಬರೆದುಕೊಳ್ಳಬಹುದು.

ಇನ್ನು ಕಾಲನಿರ್ಣಯ. ಪಂಚಾಂಗದಲ್ಲಿ ಋತುಗಳು ಆರಾದರೆ ಫಲಕಶಾಸ್ತ್ರದಲ್ಲಿ ಮೂರೇ: ಬೆಂಕಿಗಾಲ, ಜಾರುಗಾಲ, ಜನಗಾಲ.

ಶಿವರಾತ್ರಿಯಲ್ಲಿ ಚಳಿ ಶಿವಶಿವಾ ಎಂದು ಹೊರಟುಹೋದೊಡನೆ ಬೆಂಕಿಗಾಲ ಬರುತ್ತದೆ. ಕುದುರೆಮುಖದಂಥ ಬೆಟ್ಟಗಳಲ್ಲಿ ಕಣಿವೆಯ ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು ಇದ್ದು ನೆತ್ತಿಯೆಲ್ಲ ಹುಲ್ಲೇ ಆಗಿರುವುದರಿಂದ, ಮಳೆಗಾಲದಲ್ಲಿ ಆಳೆತ್ತರಕ್ಕೆ ಬೆಳೆದ ಆ ಹುಲ್ಲು ಈ ಹೊತ್ತಿಗೆ ಒಣಗಿ ಒಂದು ಬೀಡಿಯ ತುಂಡಿಗಾಗಿ ಕಾದು ನಿಂತಿರುತ್ತದೆ. ಇಲಾಖೆಯವರು ಅದಕ್ಕೆ ಮೊದಲೇ ಬೆಂಕಿರೇಖೆ, ಎಂದರೆ ಕಿಚ್ಚು ದಾಟದಂತೆ ಹುಲ್ಲು ತರಗು ತೆಗೆದು ಬೋಳು ಮಾಡಿದ ಪಟ್ಟಿ, ಹಾಕಿರುತ್ತಾರೆ. ಕಾಯ್ದೆಯ 30ನೇ ಸೆಕ್ಷನ್ನು ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನಷ್ಟೇ ಅಲ್ಲ, ಹಚ್ಚಿದ್ದನ್ನು ಆರಿಸದೆ ಬಿಟ್ಟು ಹೋಗುವುದನ್ನೂ ಅಪರಾಧವೆನ್ನುತ್ತದೆ. ಕ್ಯಾಂಪ್‌ಫೈರಿಲ್ಲದ ಕ್ಯಾಂಪು ಒಗ್ಗರಣೆಯಿಲ್ಲದ ಸಾರು ಎಂಬ ಪೂರ್ವಪಕ್ಷ ಇಲ್ಲಿ ಪ್ರಸಿದ್ಧ. ಅದಕ್ಕೆ ಉತ್ತರವನ್ನು ಅಣಕದ ಭಾಷೆಯಲ್ಲಿ ಕೊಡಲು ಬರುವುದಿಲ್ಲ: ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಹೋಗುವಾಗ ತನ್ನ ಮುಂದಿನ ಹುಲ್ಲನ್ನು ತಾನೇ ಕಾಯಿಸಿಕೊಂಡು, ಓಡುವ ಮನುಷ್ಯನಿಗಿಂತ ವೇಗವಾಗಿ ಏರುತ್ತದೆ, 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಅಂಥ ಕಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ತೀರಿಹೋದರು.

ಇದೇ ನಿಷೇಧಕ್ಕೆ ಒಂದು ಪಾಠಾಂತರವಿದೆ, ಅದನ್ನು ದಾಖಲಿಸದಿದ್ದರೆ ಭಾಷ್ಯ ಅಪೂರ್ಣವಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ತರಗು ಬೆಂಕಿ ಎಂಬ ರೂಢಿ ಇತ್ತು. ಬೇಸಿಗೆ ಬಲಿಯುವ ಮೊದಲೇ, ನೆಲದ ಮೇಲಿನ ಒಣಗೆಲೆ ಮಾತ್ರ ಸುಟ್ಟು ಮರದ ಬುಡ ಉಳಿಯುವಷ್ಟು ತಣ್ಣಗಿನ ಬೆಂಕಿಯನ್ನು ಅವರು ಕಾಡಿಗೆ ತೋರಿಸುತ್ತಿದ್ದರು. ಕಾನೂನು ಬಂದು ಅದು ನಿಂತ ಮೇಲೆಯೇ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹತ್ತಿತು, ಬಿದ್ದ ಕಿಚ್ಚು ದೊಡ್ಡದಾಗತೊಡಗಿತು ಎಂಬುದು ಅಲ್ಲಿನ ಹಿರಿಯರ ವಾದ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರ ಸಮುದಾಯದ ಹಕ್ಕುಗಳಿಗೆ ಮಾನ್ಯತೆ ಬಂದರೂ ತರಗು ಬೆಂಕಿಗೆ ಬರಲಿಲ್ಲ. ಕಾಡಿಗೆ ಬೆಂಕಿ ಯಾವಾಗ ಬೇಕು ಎಂದು ಬಲ್ಲವರಿಗೂ, ಕೋಳಿ ಸುಡಲು ಬೆಂಕಿ ಬೇಕೆಂದು ಕಾರಿನ ಡಿಕ್ಕಿಯಲ್ಲಿ ಇದ್ದಿಲು ತಂದವರಿಗೂ ಫಲಕವು ಒಂದೇ ವಾಕ್ಯವನ್ನು ಹೇಳುತ್ತದೆ. ಅಪೌರುಷೇಯ ವಾಕ್ಯಕ್ಕೆ ಮುಖ ನೋಡಿ ಮಾತಾಡುವ ಅಭ್ಯಾಸವಿಲ್ಲ.

ಜಾರುಗಾಲ ಜೂನ್‌ನಲ್ಲಿ ಮೊದಲಾಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ಕಾಲುದಾರಿಯೇ ಹಳ್ಳವಾಗುತ್ತದೆ. ಬೆಳಿಗ್ಗೆ ಮೊಣಕಾಲಿನಷ್ಟಿದ್ದ ತೊರೆ ಮಧ್ಯಾಹ್ನ ದಾಟಲಾಗದಂತೆ ಉಕ್ಕಿ, ಆಚೆಗೆ ಹೋದವರನ್ನು ಆಚೆಗೇ ಉಳಿಸಿಕೊಳ್ಳುತ್ತದೆ. ಯಾವ ಬೆಟ್ಟ ಯಾವ ವಾರ ಮುಚ್ಚುತ್ತದೆ, ಯಾವುದು ತೆರೆಯುತ್ತದೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಇದಕ್ಕೆ ಪ್ರತ್ಯೇಕ ಪಂಚಾಂಗವೇ ಬೇಕು. ಈ ಋತುವಿನಲ್ಲಿ ಗಾರ್ಡು ಬಿಟ್ಟರೂ ಬಿಡದ ಇನ್ನೊಬ್ಬ ಅಧಿಕಾರಿ ಇಂಬಳ, ಎಂದರೆ ಕಾಡಿನ ಜಿಗಣೆ. ಪ್ರವೇಶ ಶುಲ್ಕವನ್ನು ಅದು ನೇರವಾಗಿ ಕಾಲಿನಿಂದಲೇ ವಸೂಲು ಮಾಡುತ್ತದೆ, ರಶೀದಿಯಾಗಿ ಮೂರು ದಿನದ ತುರಿಕೆ ಕೊಡುತ್ತದೆ. ಉಪ್ಪು, ಸುಣ್ಣ, ಹೊಗೆಸೊಪ್ಪುಗಳ ಹೊರತು ಬೇರೆ ಯಾವ ಶಿಫಾರಸಿಗೂ ಅದು ಬಗ್ಗುವುದಿಲ್ಲ.

ಮಳೆ ಹಿಂದೆ ಸರಿದು ಬೆಟ್ಟ ಹಸಿರಾಗಿಯೂ ನೆಲ ಗಟ್ಟಿಯಾಗಿಯೂ ಇರುವ ತಿಂಗಳುಗಳಲ್ಲಿ ಬೆಂಕಿಯೂ ಇಲ್ಲ, ಜಾರಿಕೆಯೂ ಇಲ್ಲ. ಆದ್ದರಿಂದಲೇ ಜನ ಇರುತ್ತಾರೆ. 2024ರ ಗಣರಾಜ್ಯೋತ್ಸವ ಶುಕ್ರವಾರ ಬಿದ್ದು ಮೂರು ದಿನದ ರಜೆ ಒಟ್ಟಾದಾಗ, ಸುಬ್ರಹ್ಮಣ್ಯದಿಂದ 1,712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಹೋಗುವ ದಾರಿಯಲ್ಲಿ ಸಾವಿರಾರು ಚಾರಣಿಗರು ಷಷ್ಠಿಯ ತೇರಿಗೆ ಬಂದವರಂತೆ ಸೇರಿ, ಏರುವವರಿಗೂ ಇಳಿಯುವವರಿಗೂ ಎಡೆಯಿಲ್ಲದಂತಾಯಿತು. ಏಕಾಂತವನ್ನು ಅರಸಿ ಅಷ್ಟು ಮಂದಿ ಒಟ್ಟಿಗೆ ಹೊರಟದ್ದರ ಫಲವಾಗಿ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ತಡೆಹಿಡಿಯಿತು. ಆಮೇಲೆ 'ಅರಣ್ಯ ವಿಹಾರ' ಎಂಬ ತಾಣದಲ್ಲಿ ಹೆಸರು, ಗುರುತುಚೀಟಿ ಕೊಟ್ಟು ಟಿಕೆಟ್ ಪಡೆಯುವ ಪದ್ಧತಿ ಬಂದು, ಒಂದು ದಾರಿಗೆ ದಿನಕ್ಕೆ 300 ಜನರೆಂಬ ಮಿತಿ ನಿಂತಿತು. ಹಿಂದೆ ವಾನಪ್ರಸ್ಥಕ್ಕೆ ಹೊರಡುವವನು ತಲೆ ನರೆಯುವುದನ್ನು ಕಾಯಬೇಕಾಗಿತ್ತು, ಈಗಿನವನು ಒಟಿಪಿಯನ್ನು ಕಾಯಬೇಕು.

ಟಿಕೆಟ್ ಪಡೆದವರೂ ರಾತ್ರಿ ಅಲ್ಲಿಯೇ ಮಲಗುವಂತಿಲ್ಲವೆಂಬುದು ಚಾರಣದ ಬೆಟ್ಟಗಳಲ್ಲಿ ಸಾಮಾನ್ಯವಾಗಿ ಕಾಣುವ ವಾಕ್ಯ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿಗಳೇ ನಿಂತು ಕಾಯುತ್ತಿರುವಾಗ ಟೆಂಟಿನವರು ಮುನಿಸಿಕೊಳ್ಳಲು ಕಾರಣವಿಲ್ಲ. ಹಾಗಾದರೆ ಕಾಡಿನಲ್ಲಿ ಕ್ಯಾಂಪು ಮಾಡುವವರೇ ಇಲ್ಲವೆ ಎಂದರೆ, ಅದು ಕ್ಯಾಂಪು ಎಂಬ ಪದದ ಅರ್ಥವನ್ನು ಅವಲಂಬಿಸಿದೆ. ತುಂಗಭದ್ರಾ ಕಾಲುವೆಯ ಸೀಮೆಯಲ್ಲಿ ಕ್ಯಾಂಪು ಎಂದರೆ ಆಂಧ್ರದಿಂದ ಬಂದು ಭತ್ತ ಬೆಳೆದು ನೆಲೆಯಾದವರ ಊರು. ಸಕ್ರೆಬೈಲು ದುಬಾರೆಗಳಲ್ಲಿ ಅದು ಆನೆಗಳ ಬಿಡಾರ. ಕುದುರೆಮುಖದ ಭಗವತಿಯಲ್ಲಿ ಅದು ಇಲಾಖೆಯೇ ಮೊದಲೇ ಹೂಡಿಟ್ಟ ಟೆಂಟು, ಅತಿಥಿಗಳು ಹಣ ಕಟ್ಟಿ ಅದರೊಳಗೆ ಸಾಹಸಪಡಬಹುದು. ಸರ್ಕಾರಿ ಕಚೇರಿಗಳಲ್ಲಿ ಕ್ಯಾಂಪು ಎಂದರೆ ಸಾಹೇಬರು ಇಲ್ಲದಿರುವ ಸ್ಥಿತಿ. ಈ ಪದದ ಮೂಲಾರ್ಥಕ್ಕೆ ಹತ್ತಿರ ಉಳಿದಿರುವುದು ಕಳ್ಳಬೇಟೆ ತಡೆ ಶಿಬಿರ ಒಂದೇ. ಆನೆ ನುಗ್ಗದಂತೆ ಸುತ್ತ ಕಂದಕ ತೋಡಿದ ಒಂದು ಕೋಣೆಯಲ್ಲಿ ಅಕ್ಕಿ, ಬೇಳೆ, ವೈರ್‌ಲೆಸ್ ಸೆಟ್ಟು ಇಟ್ಟುಕೊಂಡು, ಬೆಂಕಿಗಾಲ ಜಾರುಗಾಲಗಳೆನ್ನದೆ ದಿನಗಟ್ಟಲೆ ಅಲ್ಲಿರುವ ವಾಚರುಗಳಿಗೆ ನಕ್ಷತ್ರಗಳು ಮೋಡವಿಲ್ಲದ ಎಲ್ಲ ರಾತ್ರಿಯೂ ಕಾಣುತ್ತವೆ. ಅವರು ಅದನ್ನು ಎಲ್ಲಿಯೂ ಬರೆದುಕೊಂಡ ನಿದರ್ಶನವಿಲ್ಲ.

ಹಳೆಯ ಶಾಸನಗಳ ಕೊನೆಯಲ್ಲಿ ಶಾಪಾಶಯವೆಂಬ ಭಾಗವಿರುತ್ತದೆ; ದತ್ತಿಯನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆಂದು ಅದು ಎಚ್ಚರಿಸುತ್ತದೆ. ಫಲಕದಲ್ಲಿ ಆ ಜಾಗದಲ್ಲಿ ದಂಡದ ಮಾತಿರುತ್ತದೆ. ಈ ಭಾಷ್ಯಕ್ಕೆ ಆಧಾರವಾದ ಫಲಕದಲ್ಲಿ ಶಾಪಾಶಯಕ್ಕಿಂತ ಮೇಲಿನ ಸಾಲು ತ್ರುಟಿತವಾಗಿದೆ. ಆನೆಯೊಂದು ಬೆನ್ನು ಉಜ್ಜಿಕೊಂಡ ಕಾರಣ ಬಣ್ಣ ಹೋಗಿ '....ನ್ನು ....ಲಾಗಿದೆ' ಎಂಬಷ್ಟು ಅಕ್ಷರಗಳು ಮಾತ್ರ ಉಳಿದಿವೆ. ಲೋಪವಾದದ್ದು ಮದ್ಯಪಾನವೆಂದು ಕೆಲವರೂ, ಸ್ಪೀಕರಿನಲ್ಲಿ ಹಾಡು ಹಾಕುವುದೆಂದು ಕೆಲವರೂ ಊಹಿಸುತ್ತಾರೆ. ಸುತ್ತಮುತ್ತ ದೊರೆತ ಬಾಟಲಿ ಚೂರುಗಳ ಸ್ತರವನ್ನು ನೋಡಿದರೆ ಮೊದಲ ಊಹೆಗೆ ಬಲ ಬರುತ್ತದೆ, ಆದರೆ ಆ ಚೂರುಗಳು ಸಾಲು ಅಳಿಯುವ ಮೊದಲಿನವೋ ಆಮೇಲಿನವೋ ಎಂದು ಹೇಳಲಾಗದು. ಮೂಲ ಪಾಠವನ್ನು ಬಲ್ಲವರು ಒಬ್ಬರೇ, ಫಲಕ ಬರೆಯುವಾಗ ಬಣ್ಣದ ಡಬ್ಬಿ ಹಿಡಿದು ನಿಂತಿದ್ದ ವಾಚರ್. ಅವರನ್ನು ಕಂಡು ಕೇಳಲು ವೈಜ್ಞಾನಿಕ ಸಂಶೋಧನೆಯ ಅಡಿಯಲ್ಲಿ 28ನೇ ಸೆಕ್ಷನ್ನಿನ ಪರವಾನಗಿಗೆ ಸಲ್ಲಿಸಿದ ಅರ್ಜಿಗೆ ಕಚೇರಿಯಿಂದ ಬಂದ ಉತ್ತರದಂತೆ ವಾಚರ್ ಕ್ಯಾಂಪಿನಲ್ಲಿದ್ದಾರೆ, ಪರವಾನಗಿಗೆ ಸಹಿ ಹಾಕಬೇಕಾದ ಸಾಹೇಬರೂ ಕ್ಯಾಂಪಿನಲ್ಲಿದ್ದಾರೆ.