ನೆಪಕ್ಕೂ ರ್‍ಯಾಂಕಿಂಗ್ ಬೇಕು

(ಲಂಡನ್ನಿನ ವಕೀಲರ ಕಚೇರಿ. ಎದುರಿಗೆ ಕೂತ ಟೆನಿಸ್ ಆಟಗಾರನ ರ್‍ಯಾಂಕು 412. ಅದನ್ನು ಕೇಳಿದ ಮೇಲೆ ಕಾಫಿ ತರಿಸುವ ಯೋಚನೆಯನ್ನು ವಕೀಲರು ಕೈಬಿಟ್ಟಿದ್ದಾರೆ.)

ಆಟಗಾರ: ಮೂತ್ರದಲ್ಲಿ ಏನೋ ಸಿಕ್ಕಿದೆಯಂತೆ ಸಾರ್. ನಾನೇನೂ ತಿಂದಿಲ್ಲ.

ವಕೀಲರು: ಎಲ್ಲರೂ ಹೇಳೋದು ಅದನ್ನೇ. ಯಾರಿಗಾದರೂ ಮುತ್ತು ಕೊಟ್ಟಿದ್ದಿರಾ? 2009ರಲ್ಲಿ ಟೆನಿಸ್ ತಾರೆ ರಿಷಾರ್ ಗಾಸ್ಕೆ ಕೊಕೇನ್ ಕೇಸಿನಿಂದ ಪಾರಾಗಿದ್ದು ಒಂದು ಮುತ್ತಿನ ವಾದದಿಂದ.

ಆಟಗಾರ: ಒಬ್ಬನೇ ಬಸ್ಸಲ್ಲಿ ಊರೂರು ಅಲೆಯೋನಿಗೆ ಎಲ್ಲಿಯ ಮುತ್ತು!

ವಕೀಲರು: ಹೋಗಲಿ, ಮಸಾಜ್? ಯಾನಿಕ್ ಸಿನ್ನರ್ ಮೈಗೆ ಕ್ಲೋಸ್ಟೆಬಾಲ್ ಅನ್ನೋ ನಿಷೇಧಿತ ಮದ್ದು ಸೇರಿದ್ದು ಫಿಸಿಯೋ ತನ್ನ ಬೆರಳಿನ ಗಾಯಕ್ಕೆ ಹೊಡೆದುಕೊಂಡ ಸ್ಪ್ರೇಯಿಂದ. ನ್ಯಾಯಮಂಡಳಿ ತಪ್ಪಿಲ್ಲ ಅಂತು, ಉದ್ದೀಪನ ಮದ್ದು ತಡೆಯೋ ವಿಶ್ವ ಸಂಸ್ಥೆ ವಾಡಾ ಮೇಲ್ಮನವಿ ಹೋಯಿತು, ಕೊನೆಗೆ 2025ರಲ್ಲಿ ಮೂರು ತಿಂಗಳ ನಿಷೇಧಕ್ಕೆ ರಾಜಿ. ಫ್ರೆಂಚ್ ಓಪನ್ ಹೊತ್ತಿಗೆ ಅದೂ ಮುಗಿದಿತ್ತು ನೋಡಿ.

ಆಟಗಾರ: ನನ್ನ ಫಿಸಿಯೋ ನಾನೇ ಸಾರ್. ಬೆರಳೂ ನನ್ನದೇ.

ವಕೀಲರು: ಛೆ. ನಿದ್ದೆಗೆ ಮಾತ್ರೆ? ಇಗಾ ಶ್ವಾಂಟೆಕ್ ನುಂಗಿದ ಮೆಲಟೋನಿನ್ ಕಲಬೆರಕೆಯಾಗಿತ್ತು. ಒಂದೇ ತಿಂಗಳ ನಿಷೇಧ. ಮಾತ್ರೆಯನ್ನು ಲ್ಯಾಬಿಗೆ ಕೊಟ್ಟು ರುಜುವಾತು ಮಾಡಬೇಕು, ಅಷ್ಟೆ.

ಆಟಗಾರ: ಖರ್ಚೆಷ್ಟು?

(ವಕೀಲರು ಚೀಟಿಯಲ್ಲಿ ಬರೆದು ತಳ್ಳುತ್ತಾರೆ.)

ಆಟಗಾರ: ನಿದ್ದೆ ಮಾತ್ರೆ ಇನ್ನು ಬೇಕೇ ಬೇಕು ಸಾರ್.