ಫಲಕದರ್ಪಣಂ ಅಥವಾ ಗೇಟಿನ ಕ್ಯಾಮೆರಾದ ಅಕ್ಷರಾಭ್ಯಾಸ

ಉಪೋದ್ಘಾತ

ಗ್ರಂಥದ ಆರಂಭದಲ್ಲೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಹೇಳಿಬಿಡಬೇಕೆಂಬುದು ಶಾಸ್ತ್ರಕಾರರ ಕಟ್ಟಳೆ. ಅದರಂತೆ ಇಲ್ಲಿ ವಿಷಯ: ಗಾಡಿಯ ನಂಬರ್ ಪ್ಲೇಟನ್ನು ಓದಬಲ್ಲ ಸಿಸಿಟಿವಿ ಕ್ಯಾಮೆರಾ. ಪ್ರಯೋಜನ: ಬೂಮ್ ಬ್ಯಾರಿಯರ್ ತಾನಾಗಿ ಏಳುವುದು, ಎದ್ದದ್ದನ್ನು ಜನರಲ್ ಬಾಡಿ ಮೀಟಿಂಗಿನಲ್ಲಿ ಸಮರ್ಥಿಸಿಕೊಳ್ಳಲು ಒಂದು ಪ್ರಿಂಟೌಟ್ ಸಿಗುವುದು. ಸಂಬಂಧ: ಗಾಡಿಗೂ ಗೇಟಿಗೂ ಇರುವುದು, ಬ್ಯಾರಿಯರ್ ಏಳಲು ತಡವಾದಾಗ ಇದು ಸಂಯೋಗ ಸಂಬಂಧವಾಗಿ ಪರಿಣಮಿಸಿ ಬಾನೆಟ್ಟಿನ ಮೇಲೆ ಗೀರು ಉಳಿಸುತ್ತದೆ. ಅಧಿಕಾರಿ: ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟ್ ಸಂಘಕ್ಕೆ, ಮೀಟಿಂಗಿಗೆ ತಡವಾಗಿ ಬಂದ ತಪ್ಪಿಗೆ, ಅವಿರೋಧವಾಗಿ ಸೆಕ್ರೆಟರಿಯಾದವನು.

ಈ ವಿದ್ಯೆಯ ಮೂಲಪುರುಷರು ಬ್ರಿಟನ್ನಿನ ಪೊಲೀಸರು. ಅವರ ವೈಜ್ಞಾನಿಕ ಅಭಿವೃದ್ಧಿ ಶಾಖೆಯಲ್ಲಿ 1976ರಲ್ಲಿ ಹುಟ್ಟಿದ ಇದು 1979ರ ಹೊತ್ತಿಗೆ ನಡೆಯಲು ಕಲಿತು, 1981ರಲ್ಲಿ ಕದ್ದ ಕಾರೊಂದನ್ನು ಹಿಡಿದುಕೊಟ್ಟಿತು. ಬೆಂಗಳೂರಿನ ಜಂಕ್ಷನ್‌ಗಳಲ್ಲಿ 2022ರ ಡಿಸೆಂಬರಿನಲ್ಲಿ ಪ್ಲೇಟು ಓದುವ ಕ್ಯಾಮೆರಾಗಳಿಗೆ ಚಾಲನೆ ಸಿಕ್ಕಿ, ಸಿಗ್ನಲ್ ಜಂಪ್ ಮಾಡಿದವರ ಮೊಬೈಲಿಗೆ ದಂಡದ ಸಂದೇಶ ತಾನೇ ಬರತೊಡಗಿತು. “ಸರ್ಕಾರದ ಕ್ಯಾಮೆರಾ ಓದುತ್ತದಾದರೆ ನಮ್ಮದಕ್ಕೇನು ರೋಗ?” ಎಂದು ಒಬ್ಬರು ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದೇ ಈ ಗ್ರಂಥಕ್ಕೆ ನಾಂದಿ.

ಮೊದಲನೆಯ ಪ್ರಕರಣ: ದೃಷ್ಟಿ

ಪೂರ್ವಪಕ್ಷವನ್ನು ಕ್ಯಾಮೆರಾ ಮಾರುವವನು ಮಂಡಿಸುತ್ತಾನೆ: “ಸಾರ್, ಇದು ಎಂಟು ಮೆಗಾಪಿಕ್ಸೆಲ್. ಕಂಬದ ಮೇಲೆ ಒಂದು ಹಾಕಿದ್ರೆ ಸಾಕು. ಗೇಟು, ವಿಸಿಟರ್ ಪಾರ್ಕಿಂಗು, ಎದುರುಗಡೆ ಬೇಕರಿ, ಎಲ್ಲಾ ಕವರ್ ಆಗುತ್ತೆ. ನಂಬರ್ ಪ್ಲೇಟೂ ಅದರಲ್ಲೇ ಬರುತ್ತೆ.”

ಇದಕ್ಕೆ ಸಿದ್ಧಾಂತಿಯ ಸೂತ್ರ: ಎಲ್ಲವನ್ನೂ ನೋಡುವವನು ಏನನ್ನೂ ಓದನು.

ಭಾಷ್ಯ. ನಮ್ಮ ಕಾರಿನ ಉದ್ದನೆಯ ಪ್ಲೇಟು 500 ಮಿ.ಮೀ. ಅಗಲ, 120 ಮಿ.ಮೀ. ಎತ್ತರ. ಅಕ್ಷರದ ಎತ್ತರ 65 ಮಿ.ಮೀ., ಗೀಟಿನ ದಪ್ಪ 10 ಮಿ.ಮೀ. ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಎಂಟು ಮೆಗಾಪಿಕ್ಸೆಲ್ ಚಿತ್ರದ ಅಗಲ 3840 ಚುಕ್ಕಿ. ಅದಕ್ಕೆ ಬೇಕರಿಯೂ ಸೇರಿ 20 ಮೀಟರ್ ಅಗಲದ ಜಗತ್ತನ್ನು ತೋರಿಸಿದರೆ ಅರ್ಧ ಮೀಟರಿನ ಪ್ಲೇಟಿಗೆ ಸಿಗುವುದು 96 ಚುಕ್ಕಿ. ಅದೇ ಎರಡು ಮೆಗಾಪಿಕ್ಸೆಲಿನ ಬಡಪಾಯಿ ಕ್ಯಾಮೆರಾ, ಅಗಲ 1920 ಚುಕ್ಕಿ, ಲೆನ್ಸ್ ಬಿಗಿದು ಬರೀ 4 ಮೀಟರ್ ಅಗಲದ ಗೇಟನ್ನಷ್ಟೇ ನೋಡಿದರೆ ಪ್ಲೇಟಿನ ಪಾಲಿಗೆ 240 ಚುಕ್ಕಿ. ಕೊಟೇಶನ್ನಿನಲ್ಲಿ ಮೆಗಾಪಿಕ್ಸೆಲ್ ದಪ್ಪ ಅಕ್ಷರದಲ್ಲೂ ಲೆನ್ಸು ಸಣ್ಣ ಅಕ್ಷರದಲ್ಲೂ ಇರುವುದಕ್ಕೆ ಇದೇ ಕಾರಣವೆಂದು ಊಹಿಸಬಹುದು.

ಆದ್ದರಿಂದ ಕ್ಯಾಮೆರಾ ಎರಡು ಬೇಕು. ಒಂದು ಓದಲು, ಇನ್ನೊಂದು ನೋಡಲು. ಓದುವವನಿಗೆ ಬೇಕರಿಯ ಚಿಂತೆ ಇರಕೂಡದು.

ಸ್ಥಾನವಿಚಾರ. ಪ್ಲೇಟನ್ನು 30 ಡಿಗ್ರಿಗಿಂತ ಓರೆಯಾಗಿ ನೋಡಿದರೆ ಅಕ್ಷರಗಳು ಒಂದಕ್ಕೊಂದು ಒರಗಿಕೊಳ್ಳುತ್ತವೆ. ಮೂರು ಮೀಟರ್ ಎತ್ತರದಲ್ಲಿ ಕೂರಿಸಿದ ಕ್ಯಾಮೆರಾ, ಗಾಡಿ ಸುಮಾರು ಐದು ಮೀಟರ್ ಆಚೆ ಇರುವಾಗಲೇ ಓದಿ ಮುಗಿಸಬೇಕು. ತೆಂಗಿನಮರದೆತ್ತರದ ಕಂಬದ ಮೇಲೆ ಕೂರಿಸಿದರೆ ಕಾರಿನ ಮೇಲ್ಛಾವಣಿಯಲ್ಲಿ ಪಾರಿವಾಳ ಏನು ಮಾಡಿದೆ ಎಂಬುದು ಮಾತ್ರ ತಿಳಿದೀತು.

ಕಾಲವಿಚಾರ. ಗಂಟೆಗೆ 18 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 5 ಮೀಟರ್ ಸರಿಯುತ್ತದೆ. ಷಟರ್ ಸೆಕೆಂಡಿನ 30ನೇ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲೇ ಅದು ಮುಕ್ಕಾಲು ಗೇಣು ಮುಂದೆ ಬಂದಿರುತ್ತದೆ. 1000ನೇ ಒಂದು ಭಾಗವಾದರೆ ಬರೀ 5 ಮಿ.ಮೀ. ಷಟರನ್ನು ಬಿಗಿಮಾಡಲು ಬಾರದವರು ಗೇಟಿನ ಮುಂದೆ ಒಂದು ಹಂಪು ಹಾಕಿಸಲಿ. ಈ ಯಂತ್ರದ ಬಿಡಿಭಾಗಗಳಲ್ಲಿ ಅತ್ಯಂತ ಅಗ್ಗದ್ದೂ ಎಂದೂ ಕೈಕೊಡದ್ದೂ ಅದೊಂದೇ. ಬೆಂಗಳೂರಿನಲ್ಲಿ ಅದರ ಪರಿಣತರಿಗೆ ಬರವೂ ಇಲ್ಲ.

ಎರಡನೆಯ ಪ್ರಕರಣ: ರಾತ್ರಿ

ಪ್ಲೇಟಿನ ಮೈಗೆ ಒಂದು ಗುಣವಿದೆ. ಬೆಳಕು ಎಲ್ಲಿಂದ ಬಿತ್ತೋ ಅಲ್ಲಿಗೇ ಅದನ್ನು ಹಿಂದಿರುಗಿಸುತ್ತದೆ. ಕ್ಯಾಮೆರಾದ ಪಕ್ಕದಲ್ಲೇ ಕಣ್ಣಿಗೆ ಅಷ್ಟಾಗಿ ಕಾಣದ ಇನ್‌ಫ್ರಾರೆಡ್ ದೀಪವಿಟ್ಟರೆ ಕತ್ತಲಲ್ಲೂ ಪ್ಲೇಟು ಬೆಳ್ಳಗೆ ಹೊಳೆದು ಅಕ್ಷರ ಕಪ್ಪಗೆ ನಿಲ್ಲುತ್ತದೆ. ಆದರೆ ಸಾಮಾನ್ಯ ಕ್ಯಾಮೆರಾ ರಾತ್ರಿಯಾದೊಡನೆ ಷಟರನ್ನು ಸಡಿಲಬಿಟ್ಟು, ಸಿಕ್ಕಷ್ಟು ಬೆಳಕನ್ನೆಲ್ಲ ಕುಡಿಯುತ್ತದೆ. ಪ್ಲೇಟಿನ ಜಾಗದಲ್ಲಿ ಬಿಳಿಯ ಆಯತವೊಂದು ಪರಬ್ರಹ್ಮದಂತೆ ನಿರ್ಗುಣವಾಗಿ ಬೆಳಗುತ್ತದೆ. ಷಟರನ್ನು ಕೈಯಾರೆ ಕಟ್ಟಿಹಾಕಿದರೆ ಉಲ್ಟಾ: ಪ್ಲೇಟು ಮಾತ್ರ ಕಂಡು ಕಾರು ಮಾಯ. ಕಾರು ಕೆಂಪೋ ಕಪ್ಪೋ ತಿಳಿಯಲು ಆ ಎರಡನೆಯ ಕ್ಯಾಮೆರಾವನ್ನೇ ಕೇಳಬೇಕು. ದೀಪದಲ್ಲಿ ಎರಡು ಜಾತಿ. 850 ನ್ಯಾನೋಮೀಟರಿನದು ಮಂದವಾಗಿ ಕೆಂಪಗೆ ಕಾಣುತ್ತದೆ, ದೂರ ಹೋಗುತ್ತದೆ. 940ರದು ಕಾಣುವುದೇ ಇಲ್ಲ, ಅಷ್ಟು ದೂರ ಹೋಗುವುದೂ ಇಲ್ಲ.

ಮೂರನೆಯ ಪ್ರಕರಣ: ಅಲಂಕಾರ

ಇಷ್ಟಾದರೂ ಪ್ಲೇಟು ಪ್ಲೇಟಾಗಿದ್ದರಲ್ಲವೇ? ಅತಿ ಸುರಕ್ಷಿತ ನೋಂದಣಿ ಫಲಕ, ಜನರ ಬಾಯಲ್ಲಿ ಎಚ್‌ಎಸ್‌ಆರ್‌ಪಿ, 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಕಡ್ಡಾಯ. ಹಳೆಯ ಗಾಡಿಗಳಿಗೆ ಕರ್ನಾಟಕ ಸರ್ಕಾರ 2023ರ ನವೆಂಬರ್ 17ರ ಗಡುವು ಕೊಟ್ಟು, ಆಮೇಲೆ ಅದನ್ನು ಮುಂದೂಡುತ್ತಲೇ ಹೋಯಿತು. ಹೀಗಾಗಿ ನಮ್ಮ ಗೇಟಿನಲ್ಲಿ ಶುದ್ಧಪಾಠದ ಜೊತೆ ಪಾಠಾಂತರಗಳೂ ಬಂದು ನಿಲ್ಲುತ್ತವೆ. ಅವುಗಳ ವರ್ಗೀಕರಣ ಹೀಗಿದೆ.

ಶ್ಲೇಷ: 8055 ಎಂಬ ನಂಬರನ್ನು ಬಾಗಿಸಿ ಬಳುಕಿಸಿ ‘ಬಾಸ್’ ಎಂದು ಇಂಗ್ಲಿಷಿನಲ್ಲಿ ಓದುವಂತೆ ಬರೆಸುವುದು. ಮನುಷ್ಯನಿಗೆ ಎರಡರ್ಥ ಹೊಳೆಯುತ್ತದೆ, ಯಂತ್ರಕ್ಕೆ ಒಂದೂ ಹೊಳೆಯುವುದಿಲ್ಲ.

ಅತಿಶಯೋಕ್ತಿ: ನಂಬರನ್ನು ಮೂಲೆಗೊತ್ತಿ, ‘ರಾಜ್ಯಾಧ್ಯಕ್ಷರು’ ಎಂಬ ಪದವನ್ನು ಅದರ ಎರಡರಷ್ಟು ಎತ್ತರದಲ್ಲಿ ಕೆತ್ತಿಸುವುದು. ಯಾವುದರ ರಾಜ್ಯಾಧ್ಯಕ್ಷರು ಎಂಬುದು ಇನ್ನೂ ಸಣ್ಣ ಅಕ್ಷರದಲ್ಲಿರುತ್ತದೆ.

ಸ್ವಭಾವೋಕ್ತಿ: ಅಭಿಮಾನದಿಂದ ೧, ೨, ೩ ಎಂದು ಕನ್ನಡದಲ್ಲೇ ಬರೆಸುವುದು. ನಿಯಮ ಕೇಳುವುದು ಇಂಗ್ಲಿಷ್ ಅಕ್ಷರ ಮತ್ತು ಅರೇಬಿಕ್ ಅಂಕಿ. ನಮ್ಮವರಿಗೆ ಕಣ್ಣಿಗೆ ಹಬ್ಬ; ಕನ್ನಡ ಕಲಿಸದೆ ತಂದ ಯಂತ್ರಕ್ಕೆ ೧ ಒಂದಲ್ಲ, ಸೊನ್ನೆ.

ಋತುವರ್ಣನೆ: ಆಯುಧಪೂಜೆಯ ಬೆಳಗ್ಗೆ ಕಾರು ತೊಳೆದು, ಪ್ಲೇಟಿನ ಉದ್ದಕ್ಕೂ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮ ಇಡುತ್ತಾರೆ. ಕುಂಕುಮ 3ರ ಎಡಬಾಯಿ ಮುಚ್ಚಿ ಅದನ್ನು 8 ಮಾಡುತ್ತದೆ. ವಿಭೂತಿ ಎರಡು ಅಕ್ಷರಗಳನ್ನು ಪೂರ್ತಿ ನುಂಗುತ್ತದೆ. ಬಂಪರಿನ ಎರಡೂ ಕಡೆ ಕಟ್ಟಿದ ಬಾಳೆಕಂದಿನ ಎಲೆ ಗಾಳಿಗೆ ಆಡುತ್ತ ರಾಜ್ಯದ ಸಂಕೇತವನ್ನು ಒಮ್ಮೆ ತೋರಿಸಿ ಒಮ್ಮೆ ಮರೆಮಾಡುತ್ತದೆ. ಕೆಳಗೆ ನಿಂಬೆಹಣ್ಣು ಮೆಣಸಿನಕಾಯಿಯ ಸರ. ಬ್ಯಾರಿಯರ್ ಅಲ್ಲಾಡುವುದಿಲ್ಲ, ಹಿಂದೆ ಹನ್ನೊಂದು ಕಾರು. ಆಗ ಸೆಕ್ಯೂರಿಟಿಯವರು ಎದ್ದು ಬಂದು ಕೈಯಲ್ಲೇ ಎತ್ತುತ್ತಾರೆ. “ಇದು 304ರ ಡಾಕ್ಟ್ರ ಕಾರು ಸಾರ್. ಇದಕ್ಕೆ ನಂಬರ್ ಯಾಕೆ ನೋಡ್ಬೇಕು?” ಇದನ್ನು ತಾರ್ಕಿಕರು ಪ್ರತ್ಯಭಿಜ್ಞೆ ಎನ್ನುತ್ತಾರೆ.

ನಾಲ್ಕನೆಯ ಪ್ರಕರಣ: ವ್ಯಾಕರಣ

ಯಂತ್ರಕ್ಕೆ ಬರೀ ಕಣ್ಣು ಸಾಲದು, ವ್ಯಾಕರಣವೂ ಬೇಕು. ಇಂಗ್ಲಿಷಿನ ಓ ಮತ್ತು ಸೊನ್ನೆ, ಬಿ ಮತ್ತು 8, ಎಸ್ ಮತ್ತು 5 ಸವರ್ಣಗಳು. ಒಂದರ ಜಾಗದಲ್ಲಿ ಇನ್ನೊಂದು ಆದೇಶವಾಗಿ ಬರುತ್ತದೆ. ಕರ್ನಾಟಕದ ಪ್ಲೇಟಿನಲ್ಲಿ ಕೆಎ ಆದಮೇಲೆ ಎರಡು ಅಂಕಿ, ಸಾಮಾನ್ಯವಾಗಿ ಒಂದೆರಡು ಅಕ್ಷರ, ಕೊನೆಗೆ ನಾಲ್ಕು ಅಂಕಿ ಎಂದು ಗೊತ್ತಿರುವ ಸಾಫ್ಟ್‌ವೇರು, ಮೂರನೆಯ ಸ್ಥಾನದಲ್ಲಿ ಓ ಕಂಡರೆ ಅದನ್ನು ಸೊನ್ನೆಯೆಂದು ತಿದ್ದಿಕೊಳ್ಳುತ್ತದೆ. ಅಪವಾದಗಳೂ ಉಂಟು. 2021ರಲ್ಲಿ ಬಂದ ಬಿಎಚ್ ಸರಣಿಯ ಪ್ಲೇಟು ಅಂಕಿಯಿಂದಲೇ ಶುರು. ದೆಹಲಿಯ ಎಷ್ಟೋ ಕಾರುಗಳಲ್ಲಿ ಎರಡು ಅಂಕಿಯ ಜಾಗದಲ್ಲಿ ಒಂದೇ ಅಂಕಿ, ಅದರ ಬೆನ್ನಿಗೆ ಅಕ್ಷರ. ಸ್ಕೂಟರಿನ ಹಿಂದಿನ ಪ್ಲೇಟು 200 ಮಿ.ಮೀ. ಅಗಲದಲ್ಲಿ ಎರಡು ಸಾಲಿನ ದ್ವಿಪದಿ. ಪರದೇಶದ ಪ್ಲೇಟುಗಳ ಮೇಲೆ ಪಳಗಿದ ಸಾಫ್ಟ್‌ವೇರು ಇವೆಲ್ಲವನ್ನೂ ಅಪಶಬ್ದವೆಂದು ತಳ್ಳಿಹಾಕುತ್ತದೆ.

ಒಂದು ಅಕ್ಷರ ತಪ್ಪಿದರೂ ನಮ್ಮವರೆಂದು ಒಳಬಿಡುವ ಉದಾರ ಸಂಪ್ರದಾಯವೂ ಇದೆ. ಅದರ ಗಣಿತವನ್ನು ಲೆವೆನ್‌ಶ್ಟೈನ್ ಎಂಬ ರಷ್ಯದ ಪಂಡಿತರು 1965ರಲ್ಲಿ ಬರೆದಿಟ್ಟರು. ಆದರೆ ಅಣ್ಣತಮ್ಮಂದಿರು ಒಂದೇ ಶೋರೂಮಿನಿಂದ ಅಕ್ಕಪಕ್ಕದ ನಂಬರಿನ ಕಾರು ತಂದು, ಆಸ್ತಿಯ ವಿಷಯಕ್ಕೆ ಮಾತು ಬಿಟ್ಟಿದ್ದರೆ, ಈ ಔದಾರ್ಯ ಅಣ್ಣನ ಗೇಟನ್ನು ತಮ್ಮನಿಗೂ ತೆರೆಯುತ್ತದೆ.

ಐದನೆಯ ಪ್ರಕರಣ: ಖಂಡನ

ಇಲ್ಲಿ ಖಜಾಂಚಿಯ ಆಕ್ಷೇಪ: “ಟೋಲಿನಲ್ಲಿ ಇರೋ ಹಾಗೆ ಗಾಜಿಗೆ ಒಂದು ಸ್ಟಿಕ್ಕರ್ ಅಂಟಿಸಿದ್ರೆ ಮುಗೀತಲ್ಲ?” ಆಕ್ಷೇಪ ಅರ್ಧ ಸರಿ. ಫಾಸ್ಟ್ಯಾಗ್ 2021ರ ಫೆಬ್ರವರಿಯಿಂದ ಕಡ್ಡಾಯವಾಗಿ ಹೆದ್ದಾರಿಗಳಲ್ಲಿ ದುಡಿಯುತ್ತಲೇ ಇದೆ. ವಿಭೂತಿ, ಬಾಳೆಕಂದು, ಅಧ್ಯಕ್ಷಪದವಿ ಯಾವುದೂ ರೇಡಿಯೋ ಟ್ಯಾಗಿಗೆ ಅಡ್ಡಿಯಲ್ಲ. ನಿವಾಸಿಗಳಿಗೆ ಅದೇ ಸರಿ. ಸ್ಟಿಕ್ಕರ್ ಇಲ್ಲದ ಅತಿಥಿಯ ಗಾಡಿಯನ್ನು ದಾಖಲಿಸಲು ಕ್ಯಾಮೆರಾ ಬೇಕು. ಅದನ್ನೊಂದನ್ನೇ ನಂಬಿ ಬ್ಯಾರಿಯರ್ ಎತ್ತಿಸುವುದು ಮಾತ್ರ ಅವಿವೇಕ. ಪ್ಲೇಟು ಗಾಡಿಯ ಹೆಸರಷ್ಟೇ. ಯಾರ ಹೆಸರನ್ನು ಯಾರು ಬೇಕಾದರೂ ಬರೆಸಿಕೊಂಡು ಬರಬಹುದು.

ಆರನೆಯ ಪ್ರಕರಣ: ನಿಗ್ರಹ

ಎಲ್ಲ ಸರಿಹೋದಮೇಲೆ ಹುಟ್ಟುವ ವ್ಯಾಧಿಯೊಂದಿದೆ. ಯಾರ ಮನೆಗೆ ಯಾವ ಗಾಡಿ ಎಷ್ಟು ಹೊತ್ತಿಗೆ ಬಂತು ಎಂಬುದು ಕಂಪ್ಯೂಟರಿನಲ್ಲಿ ಕೂತಿದ್ದರೆ, ಅದನ್ನು ಓದಲು ಕಮಿಟಿಯ ಸದಸ್ಯರೆಲ್ಲರಿಗೂ ದಿಢೀರನೆ ಭದ್ರತೆಯ ಕಾಳಜಿ ಬರುತ್ತದೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಡಿಜಿಟಲ್ ವೈಯಕ್ತಿಕ ದತ್ತಾಂಶಕ್ಕೆ 2023ರಲ್ಲಿ ಕಾಯ್ದೆಯೂ ಬಂದಿದೆ. ದಾಖಲೆ ಎಷ್ಟು ದಿನ ಉಳಿಯಬೇಕು, ಯಾರ ಕೈಗೆ ಸಿಗಬೇಕು ಎಂಬುದನ್ನು ಕ್ಯಾಮೆರಾ ಕೊಳ್ಳುವ ಮೊದಲೇ ಠರಾವಿನಲ್ಲಿ ಬರೆದಿಡಬೇಕು. ಕೊಂಡಮೇಲೆ ಬರೆಯುವ ಮನಸ್ಸು ಯಾರಿಗೂ ಇರುವುದಿಲ್ಲ.

ಫಲಶ್ರುತಿ

ಈ ಗ್ರಂಥವನ್ನು ಭಕ್ತಿಯಿಂದ ಓದಿದ ಸೆಕ್ರೆಟರಿಗೆ ಮುಂದಿನ ಚುನಾವಣೆಯಲ್ಲಿ ಬಿಡುಗಡೆ ಸಿಗಲಿ. ಅದಕ್ಕೆ ಮುಂಚೆ ಒಂದು ಕೆಲಸವಿದೆ. ಕ್ಯಾಮೆರಾ ಮಾರುವವರನ್ನು ಒಂದು ರಾತ್ರಿ ನಿಮ್ಮದೇ ಗೇಟಿಗೆ ಕರೆಸಿ. ಹೆಡ್‌ಲೈಟ್ ಹಾಕಿದ ಕಾರು, ಕೆಸರು ಮೆತ್ತಿದ ಸ್ಕೂಟರು, ಬಿಎಚ್ ಸರಣಿಯ ಗಾಡಿ, ಮೂರನ್ನೂ ಅವರ ಮುಂದೆಯೇ ಓಡಿಸಿ ಓದಿಸಿ. ಓದಿದರೆ ಚೆಕ್ಕಿಗೆ ಸಹಿ ಹಾಕಿ. ಓದದಿದ್ದರೆ, ಅಥವಾ ಡೆಮೋಗೆ ಬರುವುದೇ ಇಲ್ಲವೆಂದರೆ, ಆ ದುಡ್ಡಿನಲ್ಲಿ ಸೆಕ್ಯೂರಿಟಿಯವರ ಸಂಬಳ ಹೆಚ್ಚಿಸಿ.